ನಾಲ್ಕು, ಎರಡು, ಒಂಬತ್ತು

ಬಸ್ ಡ್ರೈವರ್ ತನ್ನ ಕೈಚೀಲವನ್ನು ಸ್ಪೀಚ್ ಥೆರಪಿಸ್ಟ್‌ಳ ಮೇಜಿನ ಮೇಲೆ ಬೋರಲು ಹಾಕಿದ. ಚಮಚ, ಬೀಗದ ಕೈ, ಕೊಡೆಗಳ ಚಿತ್ರವಿದ್ದ ಕಾರ್ಡುಗಳ ಮೇಲೆ ವಿಡಿಯೋ ಗೇಮಿನ ಹನ್ನೊಂದು ಡಬ್ಬಿಗಳು ದಡಬಡನೆ ಬಿದ್ದವು.

"ಇದೇನ್ ಸಾರ್?" ಎಂದಳು ಥೆರಪಿಸ್ಟ್.

"ನಿಮ್ಮ ಚಮಚಕ್ಕೆಲ್ಲ ಇವಳು ಬಾಯಿ ಬಿಡಲ್ಲ ಮೇಡಂ. ಇದಕ್ಕಾದ್ರೆ ಬಿಟ್ಟರೂ ಬಿಟ್ಟಾಳು."

ಇವಳು ಎಂದರೆ ಎದುರಿನ ಕುರ್ಚಿಯಲ್ಲಿದ್ದ ಅವನ ಹೆಂಡತಿ, ಟೈಲರಮ್ಮ. ಆರು ವಾರದ ಹಿಂದೆ ಯಾರದೋ ಕೋಟಿನ ತೋಳು ಕತ್ತರಿಸುತ್ತಿದ್ದಾಗ ಸ್ಟ್ರೋಕ್ ಆಗಿ ಕುಸಿದಿದ್ದಳು. ಬಲಗೈ ಅರ್ಧದಷ್ಟು ಸರಿಹೋಗಿತ್ತು, ಮಾತು ಮಾತ್ರ ಮರಳಿರಲಿಲ್ಲ. ಉಳಿದದ್ದು 'ಅದೇ' ಎಂಬ ಒಂದು ಪದ. ನೀರು ಬೇಕಾದರೂ ಅದೇ, ಬೇಡವಾದರೂ ಅದೇ. ವಿಚಿತ್ರವೆಂದರೆ, ಯಾರಾದರೂ 'ಒಂದು' ಎಂದು ಎತ್ತಿಕೊಟ್ಟರೆ ಎರಡು, ಮೂರು ಎಂದು ಗಡಗಡನೆ ಎಣಿಸಿಬಿಡುತ್ತಿದ್ದಳು. ಕೈಗೆ ಬೆರಳೆಷ್ಟು ಎಂದು ಕೇಳಿದರೆ ಮತ್ತೆ ಅದೇ. "ಸಾಲಾಗಿ ಬರೋದು ತಾನಾಗೇ ಬಂದ್ಬಿಡುತ್ತೆ. ಬೇಕಾದ್ದನ್ನ ಆರಿಸಿ ಹೇಳೋದಿದ್ಯಲ್ಲ, ಅದು ಬಂದ್ರೆ ಮಾತು ಬಂದ ಹಾಗೆ" ಎಂದು ಥೆರಪಿಸ್ಟ್ ಮೊದಲ ದಿನವೇ ಹೇಳಿದ್ದಳು. ಅದು ಇನ್ನೂ ಬಂದಿರಲಿಲ್ಲ.

ಡಬ್ಬಿಗಳೆಲ್ಲ ಒಂದೇ ಆಟದ ಹನ್ನೊಂದು ಭಾಗಗಳು. ಬೆಟ್ಟ ಕಣಿವೆ ದಾಟಿ ಕಾಗದ ಮುಟ್ಟಿಸುವ ಅಂಚೆಯವಳ ಕಥೆ. ಇವರ ಮದುವೆಯ ವರ್ಷ ಮೊದಲನೆಯದು ಬಂದಿತ್ತು, ಹೋದ ವರ್ಷ ಹನ್ನೊಂದನೆಯದು. ಯಾವುದು ಮೇಲು, ಯಾವುದು ಕೀಳು ಎಂಬ ಪಟ್ಟಿ ಹೊಲಿಗೆ ಅಂಗಡಿಯ ಕರಿಹಲಗೆಯ ಮೇಲಿತ್ತು. ಹೊಸದು ಬಂದಾಗಲೆಲ್ಲ ಟೈಲರಮ್ಮ ಹಳೆಯದನ್ನು ಅಳಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಮತ್ತೆ ಬರೆಯುತ್ತಿದ್ದಳು. ಅಳತೆ ಕೊಡಲು ಬಂದವರಿಗೂ ಅದರ ವಿವರಣೆ ತಪ್ಪುತ್ತಿರಲಿಲ್ಲ. ನಾಲ್ಕನೆಯದೇ ಯಾಕೆ ಮೊದಲು? ಅದರ ಮಂಜಿನ ಕಣಿವೆಯಲ್ಲಿ ನಕ್ಷೆಯಿಲ್ಲ, ಗಂಟೆಯ ಸದ್ದು ಹಿಡಿದೇ ನಡೆಯಬೇಕು, ಅದಕ್ಕೆ. ಏಳನೆಯದು ಯಾಕೆ ಕೊನೆಗೆ? ಅಂಚೆಯವಳಿಗೆ ಮೋಟಾರು ಗಾಡಿ ಕೊಟ್ಟು ನಡಿಗೆಯನ್ನೇ ಕಿತ್ತುಕೊಂಡರು, ಅದಕ್ಕೆ. ಡ್ರೈವರನಿಗೆ ಆ ಗಾಡಿಯೆಂದರೆ ಪ್ರಾಣ. ಹನ್ನೆರಡು ವರ್ಷ ವಾದಿಸಿದ್ದ, ಒಂದು ಸಲವೂ ಗೆದ್ದಿರಲಿಲ್ಲ. ಅವಳು ಹೇಳುತ್ತಿದ್ದ ಚೆಂದ ಹಾಗಿತ್ತು, ಸೋಲುತ್ತಿದ್ದೇನೆಂದು ಗೊತ್ತಿದ್ದೂ ಕಿವಿಗೊಟ್ಟು ಕೂತುಬಿಡುತ್ತಿದ್ದ. ಈ ಆರು ವಾರ ಮನೆ ಬಿಕೋ ಎನ್ನುತ್ತಿತ್ತು.

ಈಗ ಅವನು ಡಬ್ಬಿಗಳನ್ನು ಸಾಲಾಗಿ ಜೋಡಿಸಿದ. ಎಲ್ಲಕ್ಕಿಂತ ಮೊದಲು ಏಳು. ಎಲ್ಲಕ್ಕಿಂತ ಕೊನೆಗೆ ನಾಲ್ಕು.

"ನೋಡು, ಇನ್ಮೇಲೆ ಪಟ್ಟಿ ಇದು. ಅಂಗಡಿ ಹಲಗೆ ಮೇಲೂ ಇವತ್ತೇ ಬರೀತೀನಿ."

ಟೈಲರಮ್ಮನ ಮುಖ ಕೆಂಪೇರಿತು. "ಅದೇ! ಅದೇ!" ಎನ್ನುತ್ತ ಡಬ್ಬಿಗೆ ಎಡಗೈ ಹಾಕಿದಳು. ಅವನು ಆ ಕೈ ಹಿಡಿದುಕೊಂಡ.

"ಕೈಯಲ್ಲ, ಬಾಯಲ್ಲಿ ಹೇಳು."

"ಅವ್ರಿಗೆ ಕೋಪ ಬರಿಸ್ಬೇಡಿ ಸಾರ್."

"ಬರ್ಲಿ ಮೇಡಂ. ಇವಳ ಕೋಪ ನೋಡಿ ಎಷ್ಟು ದಿನ ಆಯ್ತು!"

ಅವಳ ಕಣ್ಣಲ್ಲಿ ನೀರು ತುಂಬಿತು. ಆದರೂ ಅವನು ಕೈ ಬಿಡಲಿಲ್ಲ. ಥೆರಪಿಸ್ಟ್‌ಗೆ ಏನೋ ಹೊಳೆಯಿತು. ಮೆಲ್ಲಗೆ "ಒಂದು..." ಎಂದು ಎತ್ತಿಕೊಟ್ಟಳು. ಟೈಲರಮ್ಮ ಶುರು ಮಾಡಿದವಳು ತಡೆಯಲಾಗದೆ ಹನ್ನೊಂದರ ತನಕ ಓಡಿಬಿಟ್ಟಳು. ಛೆ ಎಂಬಂತೆ ತಲೆ ಕೊಡವಿ, ಈ ಸಲ ತಾನೇ ಎತ್ತಿಕೊಂಡಳು. "ಒಂದು, ಎರಡು, ಮೂರು, ನಾಲ್ಕು." ಅಲ್ಲಿಗೆ ನಿಂತಳು. ಬ್ರೇಕ್ ಹಾಕಿದ ಬಸ್ಸಿನಲ್ಲಿ ನಿಂತವರ ಹಾಗೆ ಇಡೀ ಮೈ ಮುಂದಕ್ಕೆ ವಾಲಿತು. ಕೈ ಬಿಡಿಸಿಕೊಂಡು ಮುಷ್ಟಿಯಿಂದ ಮೇಜಿಗೆ ಗುದ್ದಿದಳು.

"ನಾಲ್ಕು!"

ಡ್ರೈವರ್ ನಾಲ್ಕನ್ನು ತಂದು ಮೊದಲಿಗಿಟ್ಟ. "ಆಮೇಲೆ?" ಎಂದ.

"ಒಂದು, ಎರಡು. ಎರಡು."

ಒಂಬತ್ತಕ್ಕೆ ಬರುವಾಗ ತುಟಿ ಮಾತ್ರ ಅಲುಗಿತು. ಎಂಟು ಮೆಟ್ಟಿಲನ್ನು ಒಳಗೊಳಗೇ ಹತ್ತಿ, ಒಂಬತ್ತನ್ನಷ್ಟೇ ಹೊರಗೆ ಹೇಳಿದಳು. ಆಮೇಲೆ ಒಂದು. ಹನ್ನೊಂದು. ಆರು. ಮೂರು ಎನ್ನುವಾಗ ಮೆಟ್ಟಿಲೂ ಬೇಕಾಗಲಿಲ್ಲ. ಹತ್ತು. ಒಂದೊಂದಕ್ಕೂ ಹಣೆಯ ಮೇಲೆ ಬೆವರು. ಐದರ ಜಾಗಕ್ಕೆ ಗಂಡ ಬೇಕೆಂದೇ ಎಂಟನ್ನು ಇಡಲು ಹೋದಾಗ ಅವನ ಕೈಗೆ ಫಟ್ಟೆಂದು ಕೊಟ್ಟು, "ಐದು" ಎಂದಳು. ಅದಾದ ಮೇಲೆಯೇ ಎಂಟು. ಎಂಥ ಗಟ್ಟಿಗಿತ್ತಿ ಎಂದು ಥೆರಪಿಸ್ಟ್ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು.

ಏಳನೆಯದು ಮಾತ್ರ ಉಳಿಯಿತು. ಡ್ರೈವರ್ ಅದನ್ನು ಎದೆಗೆ ಅವಚಿಕೊಂಡ. "ಆರು ವಾರ ನಿನ್ನ ಜಡೆ ಹಾಕಿದೀನಿ. ಆ ಋಣಕ್ಕಾದ್ರೂ ಇದಕ್ಕೆ ಮಧ್ಯದಲ್ಲೆಲ್ಲಾದ್ರೂ ಒಂದು ಸೀಟು ಕೊಡೇ."

ಅವಳು ಅವನತ್ತ ನೋಡಿದಳು. ಕಣ್ಣಲ್ಲಿ ಅಕ್ಕರೆಯೇನೋ ಬೇಕಾದಷ್ಟಿತ್ತು. "ಏಳು" ಎಂದಳು. ಮುಂದಿನ ಮಾತು ಯಾವ ಎಣಿಕೆಯಲ್ಲೂ ಇರಲಿಲ್ಲ, ಹತ್ತಿ ಬರಲು ಅದಕ್ಕೆ ಮೆಟ್ಟಿಲಿರಲಿಲ್ಲ. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಏಳು... ಕೊ... ಕೊನೆ."

ಡ್ರೈವರ್ ಡಬ್ಬಿಯನ್ನು ಸಾಲಿನ ತುದಿಗಿಟ್ಟು, ಬಸ್ಸಿನ ಸಮವಸ್ತ್ರದಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಥೆರಪಿಸ್ಟ್ ಹಾಳೆ ಎತ್ತಿಕೊಂಡಳು. ಅದರಲ್ಲಿ ಪ್ರತಿ ಉತ್ತರದ ಮುಂದೆ ಸರಿ, ತಪ್ಪು ಎಂಬ ಎರಡೇ ಮನೆಗಳಿದ್ದವು.

"ಹನ್ನೊಂದೂ ಸರಿ ಅಂತ ಬರ್ಕೊಳ್ಲಾ ಸಾರ್?"

"ಹತ್ತು ಸರಿ ಮೇಡಂ," ಎಂದ ಡ್ರೈವರ್, ಕಣ್ಣೊರೆಸಿಕೊಂಡು, ಹಳೆಯ ಜಗಳದ ದನಿಯಲ್ಲಿ. "ಏಳು ಮಾತ್ರ ತಪ್ಪು."