ಆಂಟೆನಾ ತುದಿಯ ನಿಂಬೆಹಣ್ಣು

ಬೋಟ್ ನಡೆಸುವ ಯಲ್ಲಾಲಿಂಗ ಆಂಟೆನಾದ ತುದಿಗೆ ಮತ್ತೆ ನಿಂಬೆಹಣ್ಣು ಕಟ್ಟಿದ್ದ. ಆ ಭಾರಕ್ಕೆ ತೆಳ್ಳನೆಯ ಕಡ್ಡಿ ಕೃಷ್ಣೆಯ ನೀರಿನತ್ತ ಬಾಗಿತ್ತು. ವೈರ್‌ಲೆಸ್ ಕೂರಿಸಲು ದೇವದುರ್ಗದಿಂದ ಬಂದಿದ್ದ ಉಮಾದೇವಿಗೆ ತಲೆ ಕೆಟ್ಟುಹೋಯಿತು. ಗಿಡ್ಡ ಆಂಟೆನಾ ಹಾಕಿದರೆ ನಡುಗಡ್ಡೆಯ ಆಚೆಯಿಂದ ಮಾತು ಕೇಳುವುದಿಲ್ಲವೆಂದು ಹಟ ಹಿಡಿದು ಉದ್ದದ್ದನ್ನೇ ತಂದು, ಬೆಳಗಿನಿಂದ ಬೋಲ್ಟ್ ಬಿಗಿದಿದ್ದಳು.

“ಎಷ್ಟು ಸಲ ಬಿಚ್ಚಲೋ ಇದನ್ನ? ಇದೇನು ಲಾರಿ ಅಲ್ಲ. ಹಿಂಗ ಬಾಗಿದ್ರ ನಾಳೆ ನಡುಹೊಳ್ಯಾಗ ನಾ ಕರದದ್ದು ಯಾರಿಗೂ ಕೇಳಂಗಿಲ್ಲ.” ಹಣ್ಣನ್ನು ಕಿತ್ತು ಹೊಳೆಗೆ ಎಸೆಯಲು ಕೈ ಎತ್ತಿದಳು.

“ಬೋಟಿಗಂತ ಕಟ್ಟಿಲ್ರೀ ಮೇಡಂ,” ಎಂದ ಯಲ್ಲಾಲಿಂಗ. “ನಾಳೆ ಅದರ ಬುಡಕ್ಕ ಕುಂದ್ರೋರು ನೀವು. ಈಜು ಬರಂಗಿಲ್ಲ ಅಂತ ನಿನ್ನೆ ನೀವ ಅಂದ್ರಿ.”

ಉಮಾದೇವಿ ಎತ್ತಿದ್ದ ಕೈ ಇಳಿಸಿ, ನಿಂಬೆಹಣ್ಣಿನ ದಾರವನ್ನು ತನ್ನ ಲೈಫ್ ಜಾಕೆಟ್ಟಿಗೆ ಬಿಗಿಯಾಗಿ ಕಟ್ಟಿಕೊಂಡಳು.