ಮೊದಲು ಬಂದ ಉತ್ತರ

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಅರ್ಧಕ್ಕೆ ಬಿಡಬೇಡಿ...

ರಾಣೆಬೆನ್ನೂರಿನ ಕಸ್ತೂರಿ ಮಾಡುವ ಕೆಲಸ ಏನೆಂದು ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕಟ್ಟಿಕೊಂಡ ಗಂಡನಿಗೂ.

ಜನ ಫೋನಿನಲ್ಲಿ ಏನನ್ನಾದರೂ ಹುಡುಕುತ್ತಾರಲ್ಲ... ಅವರಿಗೆ ಸಿಕ್ಕ ಉತ್ತರ ಕೇಳಿದ್ದಕ್ಕೆ ಸರಿಹೊಂದುತ್ತದೆಯೇ ಎಂದು ನೋಡಿ ಅಂಕ ಕೊಡುವುದು ಅವಳ ಕೆಲಸ.

ಮೇಲೆ ಯಾರೋ ಕೇಳಿದ ಪ್ರಶ್ನೆ, ಕೆಳಗೆ ಬಂದ ಪುಟಗಳು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಹೆಚ್ಚು ಅಂಕ ಪಡೆದ ಪುಟ ಮುಂದೆ ಎಲ್ಲರ ಫೋನಿನಲ್ಲೂ ಮೇಲೆ ಬರುತ್ತದೆ.

ಆದರೆ ಒಂದು ತೊಡಕಿತ್ತು. ಅದೇ ಪ್ರಶ್ನೆ ಇನ್ನೂ ನಾಲ್ವರಿಗೆ ಹೋಗುತ್ತಿತ್ತು. ಐವರ ಅಂಕವೂ ಒಂದೇ ಆದರೆ ಸರಿ. ಒಬ್ಬಳದ್ದು ಬೇರೆಯಾದರೆ ತಪ್ಪು ಅವಳದ್ದೇ. ತಪ್ಪು ಹೆಚ್ಚಾದರೆ ಕೆಲಸ ಹೋಯಿತು...

ಆ ಐವರೂ ಒಟ್ಟಿಗೆ ತರಬೇತಿ ಪಡೆದ ಹೆಂಗಸರು. ಅದಕ್ಕೇ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದರು. ಒಬ್ಬರು ಅಂಕ ಹೇಳುವುದು, ಉಳಿದವರು ಕಣ್ಣು ಮುಚ್ಚಿ ಅದನ್ನೇ ಒತ್ತುವುದು.

ಅವರಲ್ಲಿ ಹಿರಿಯಳಾದ ವಿಮಲಕ್ಕ ಹೇಳುತ್ತಿದ್ದಳು, "ತಲಿ ಕೆಡಿಸ್ಕೋಬ್ಯಾಡ್ರವ್ವಾ. ಹೆಡ್ಡಿಂಗ್ ಪ್ರಶ್ನೆಗೆ ಹೊಂದಿದ್ರ ನಾಲ್ಕು. ಪೂರ್ತಿ ಓದಾಕ ನಾವೇನ್ ಪರೀಕ್ಷೆಗೆ ಕುಂತೀವೇನು?"

ಎಲ್ಲರೂ ನಕ್ಕಿದ್ದರು. ಕಸ್ತೂರಿಯೂ.

ದೀಪಾವಳಿಗೆ ಮುಂಚೆ ಒಂದು ಪ್ರಶ್ನೆ ಬಂತು... 'ಮಗು ಸೆಲ್ ನುಂಗಿದೆ, ಏನು ಮಾಡಬೇಕು?'

ಮೊದಲ ಪುಟದ ಹೆಡ್ಡಿಂಗ್ ಪ್ರಶ್ನೆಗೆ ಅಚ್ಚು ಹಾಕಿದಂತೆ ಹೊಂದಿತ್ತು. ಹಸಿರು ಅಂಚು, ನಗುವ ಮಗುವಿನ ಚಿತ್ರ. ಎರಡನೆಯದು ಯಾವುದೋ ಆಸ್ಪತ್ರೆಯ ಬೋಳು ಪುಟ... ಅಕ್ಷರಗಳೂ ಒಡೆದಿದ್ದವು.

ಅದರಲ್ಲಿ ಒಂದು ಸಾಲು ಮಾತ್ರ ಅವಳ ಕಣ್ಣಿಗೆ ಬಿತ್ತು. 'ಬಿಲ್ಲೆಯಂಥ ಗುಂಡನೆಯ ಸೆಲ್ ಆದರೆ ಕಾಯಬೇಡಿ. ಏನನ್ನೂ ತಿನ್ನಿಸಬೇಡಿ.'

ಅಷ್ಟರಲ್ಲಿ ಗ್ರೂಪಿನಲ್ಲಿ ಅಂಕ ಬಿದ್ದಿತ್ತು. ಮೊದಲನೆಯದಕ್ಕೆ ನಾಲ್ಕು, ಎರಡನೆಯದಕ್ಕೆ ಒಂದು.

ಅವಳ ಬೆರಳು ಒಂದು ಗಳಿಗೆ ತಡೆಯಿತು... ಆಮೇಲೆ ಅದನ್ನೇ ಒತ್ತಿತು.

ಎರಡು ತಿಂಗಳು ಕಳೆದವು.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ಬಟ್ಟೆ ಒಣಹಾಕಲು ಹೊರಬಂದ ಕಸ್ತೂರಿಗೆ ಪಕ್ಕದ ಮನೆಯ ಹಸೀನಾ ಕಂಡಳು. ಕಟ್ಟೆಯ ಮೇಲೆ ಕುಳಿತು ಎರಡು ವರ್ಷದ ಮಗಳು ಜೋಯಾಳಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು. ಮಗು ಮುಖ ತಿರುಗಿಸುತ್ತಿತ್ತು. ಜೊಲ್ಲು ಸುರಿದು ಅಂಗಿಯ ಎದೆಯೆಲ್ಲ ಒದ್ದೆ...

ಬೇಡವಾದರೆ ಯಾಕೆ ತುರುಕುತ್ತೀ ಎಂದಳು ಕಸ್ತೂರಿ.

"ಫ್ಯಾನಿನ ರಿಮೋಟ್ ಬಿಚ್ಚಿ ಗುಂಡನ್ ಸೆಲ್ ನುಂಗ್ಯಾಳ ಅಕ್ಕಾ. ನನ್ ಜೀವಾನ ಹಾರಿತ್ತು. ಫೋನಿನ್ಯಾಗ ನೋಡಿದ್ ಮ್ಯಾಲ ಸಮಾಧಾನ ಆತು. ಬಾಳಿಹಣ್ಣು ತಿನ್ನಿಸಿ ಎರಡು ದಿನ ಕಾಯ್ರಿ, ತಾನಾ ಹೊರಗ ಬರ್ತೈತಿ ಅಂತ ಐತಿ."

ಕಸ್ತೂರಿ ಅವಳ ಫೋನು ಕಸಿದುಕೊಂಡು ನೋಡಿದಳು.

ಎಲ್ಲಕ್ಕಿಂತ ಮೇಲೆ... ಹಸಿರು ಅಂಚು. ನಗುವ ಮಗು.

ಆಸ್ಪತ್ರೆಯ ಪುಟದ ಆ ಒಂದು ಸಾಲು ನೆನಪಾಯಿತು. ಬಾಳೆಹಣ್ಣು ಕಿತ್ತೆಸೆದಳು.

"ಬಾಯಾಗಿಂದು ಉಗುಳ್ಸು. ನೀರೂ ಕೊಡಬ್ಯಾಡ. ನಡಿ."

ಊರಿನ ಆಸ್ಪತ್ರೆಗೆಂದು ಸಿಕ್ಕ ಆಟೋ ಹತ್ತಿದರು. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಒಂದೊಂದೇ ಡಬ್ಬಿ ಎಳೆದುಕೊಂಡು ಸಾಗುತ್ತಿತ್ತು... ಮುಗಿಯುವಂತೆಯೇ ಇರಲಿಲ್ಲ.

ಫೋನಿನಲ್ಲಿ ಮೊದಲನೆಯದಾಗಿ ಬಂದದ್ದು ಸುಳ್ಳು ಇರುತ್ತದೆಯೇ ಎಂದು ಹಸೀನಾ ಮತ್ತೆ ಮತ್ತೆ ಕೇಳಿದಳು. ಕಸ್ತೂರಿ ಮಗುವಿನ ಜೊಲ್ಲು ಒರೆಸಿದಳು.

ಎಕ್ಸ್‌ರೇಯಲ್ಲಿ ಕಂಡಿತು... ಗಂಟಲಿನ ಕೆಳಗೆ, ಅನ್ನನಾಳದಲ್ಲಿ ಸಿಕ್ಕಿಕೊಂಡ ಬಿಳಿಯ ಬಿಲ್ಲೆ.

ಇಲ್ಲಿ ತೆಗೆಯಲಾಗದು, ಈಗಿಂದೀಗಲೇ ದಾವಣಗೆರೆಗೆ ಹೊರಡಿ ಎಂದರು ಅಲ್ಲಿನ ಡಾಕ್ಟರ್.

ಆಂಬುಲೆನ್ಸಿನಲ್ಲಿ ಹಸೀನಾ ದುವಾ ಮಾಡುತ್ತಲೇ ಇದ್ದಳು. ಕಸ್ತೂರಿಗೆ ಒಂದು ದೇವರ ಹೆಸರೂ ನೆನಪಾಗಲಿಲ್ಲ. ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತಾ ಕುಳಿತಳು. ತಲೆಯೊಳಗೆ ಒಂದೇ ಗುಂಗು... ನಾಲ್ಕು... ನಾಲ್ಕು ಕೊಟ್ಟೆ...

ದಾವಣಗೆರೆಯ ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಒಯ್ದರು, ಬಾಗಿಲು ಮುಚ್ಚಿತು. ಒಂದು ಗಂಟೆಯಾದರೂ ತೆರೆಯಲಿಲ್ಲ.

ಕೊನೆಗೆ ಡಾಕ್ಟರ್ ಹೊರಬಂದರು. ಅವರ ಕೈಯ ಪುಟ್ಟ ಡಬ್ಬಿಯಲ್ಲಿ ಕಪ್ಪಗಾದ ಸೆಲ್ ಇತ್ತು.

"ಒಳಗೆ ಸುಡೋಕೆ ಶುರುವಾಗಿತ್ತಮ್ಮ. ಗಾಯ ಮಾಯುತ್ತೆ. ನೀವಂದ ಎರಡು ದಿನ ದೂರದ ಮಾತು... ಸಂಜೆ ತನಕ ಕಾದಿದ್ರೂ ನಾನು ಏನೂ ಹೇಳೋಕೆ ಆಗ್ತಿರ್ಲಿಲ್ಲ."

ಹಸೀನಾ ಕಸ್ತೂರಿಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನೀವು ಹೊರಗೆ ಬರದಿದ್ದರೆ ನನ್ನ ಕೂಸು ಉಳಿಯುತ್ತಿರಲಿಲ್ಲ ಎಂದು ಬಿಕ್ಕಿದಳು.

ಕಸ್ತೂರಿ ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ...

ಆದರೆ ಆ ಬಿಸಿ ಕಣ್ಣೀರು ಅವಳ ಬೆರಳುಗಳ ಮೇಲೇ ಬೀಳುತ್ತಿತ್ತು. ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟಳು. ತನ್ನ ಕೆಲಸ, ಗ್ರೂಪಿನ ಮಾತು, ಆಸ್ಪತ್ರೆಯ ಪುಟಕ್ಕೆ ಕೊಟ್ಟ ಒಂದು, ಹಸಿರು ಅಂಚಿನ ಪುಟಕ್ಕೆ ಕೊಟ್ಟ ನಾಲ್ಕು...

ಹಸೀನಾ ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟಳು. ಗಾಜಿನಾಚೆ ಮಲಗಿದ್ದ ಮಗಳತ್ತ ತಿರುಗಿ ಕೇಳಿದಳು.

"ಅದನ್ನ ನೀವು ಓದಿದ್ರೇನ್ರಿ ಅಕ್ಕಾ?"

"ಇಲ್ಲ."

"ನಾನೂ ಪೂರ್ತಿ ಓದಲಿಲ್ರಿ... ಎಲ್ಲಾಕ್ಕಿಂತ ಮ್ಯಾಲ ಬಂದೈತಿ ಅಂದ್ರ, ತಿಳಿದವ್ರು ಯಾರೋ ಓದಿ ನೋಡೇ ಇಟ್ಟಿರ್ತಾರ ಅಂತ ನಂಬಿದೆ."

ಬೈದಿದ್ದರೆ ಕಸ್ತೂರಿ ತಡೆದುಕೊಳ್ಳುತ್ತಿದ್ದಳು. ಈ ಮಾತು ಕೇಳಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಆಮೇಲೆ ಅಲ್ಲೇ ಬೆಂಚಿನ ಮೇಲೆ ಕುಳಿತು ಕೆಲಸ ಕೊಟ್ಟ ಕಂಪನಿಗೆ ಬರೆದಳು. ತಾನು ಓದದೆ ಅಂಕ ಕೊಟ್ಟದ್ದು, ಒಬ್ಬರದ್ದು ನೋಡಿ ಒಬ್ಬರು ಒತ್ತಿದ್ದು, ಆ ಪುಟವನ್ನು ಮೊದಲು ಕೆಳಗಿಳಿಸಿ ಎಂದು... ಕೆಳಗೆ ತನ್ನ ಹೆಸರು.

ಕೆಲಸ ಹೋಗುತ್ತದೆಂಬ ಭಯವಿತ್ತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು...

ಈ ಹೊತ್ತಿನಲ್ಲಿ, ಯಾವುದೋ ಊರಿನ ಯಾವುದೋ ಕಟ್ಟೆಯ ಮೇಲೆ, ಇನ್ನೊಬ್ಬ ತಾಯಿ ಬಾಳೆಹಣ್ಣು ಸುಲಿಯುತ್ತಿದ್ದರೆ?

ಕಳಿಸುವ ಗುಂಡಿ ಒತ್ತಿದಳು.

.

ನಾವು ನೋಡದೆ ಹೂಂ ಅಂದದ್ದನ್ನೇ ಯಾರೋ ನಂಬಿ ತಮ್ಮ ಮಕ್ಕಳಿಗೆ ಉಣಿಸುತ್ತಾರೆ.

ಇವತ್ತು ನೀವು ಪೂರ್ತಿ ಓದದೆ ಮುಂದಕ್ಕೆ ಕಳಿಸಿದ ಮೆಸೇಜು ಯಾವುದು... ಅದು ಈಗ ಯಾರ ಮನೆಯಲ್ಲಿದೆ?