ಗ್ರೀಸಿನ ಚೆಂಡುಹೂ

“ತಲೆಯೇ ಇಲ್ಲ ಮಾರಾಯ, ಇನ್ನು ನಾಚಿಕೆ ಯಾರಿಗೆ?” ಎನ್ನುತ್ತ ನಿಝಾಮುದ್ದೀನ್ ಅಮೃತಶಿಲೆಯ ದೇವತೆಯ ಎದೆಯ ಮೇಲೆ ಕಪ್ಪು ಮಾರ್ಕರ್ ಎಳೆದ.

ಸೌದಿಯ ದಮ್ಮಾಮಿನ ಆ ಟ್ರಾವೆಲ್ಸ್ ಕಚೇರಿಗೆ ಗ್ರೀಸಿನ ಕರಾವಳಿಯ ಪ್ರವಾಸಿ ಪುಸ್ತಿಕೆಗಳು ಬಂದಿದ್ದವು. ಗಿರಾಕಿಗಳ ಕೈಗೆ ಕೊಡುವ ಮುನ್ನ ಬೆತ್ತಲೆ ಶಿಲ್ಪಗಳಿಗೂ ಚರ್ಚಿನ ಶಿಲುಬೆಗಳಿಗೂ ಮಸಿ ಬಳಿಯಬೇಕೆಂದು ಮ್ಯಾನೇಜರನ ಅಪ್ಪಣೆ. ಉಳ್ಳಾಲದ ನಿಝಾಮುದ್ದೀನನಿಗೆ ಇದು ಹಳೆಯ ಕೆಲಸ; ಮೈಸೂರಿನಿಂದ ಹೊಸದಾಗಿ ಬಂದ ಹೃಷಿಕೇಶನಿಗೆ ಮೊದಲನೆಯದು.

“ಗೋಪುರದ ಮೇಲೆ ಶಿಲುಬೆ ಬಿಟ್ರಿ ನೋಡಿ, ನಿಝಾಮ್ ಭಾಯ್.”

“ಅದು ಆ್ಯಂಟೆನಾ.”

“ಅಲ್ಲ, ಶಿಲುಬೆಯೇ.”

“ಹಾಗಾದ್ರೆ ಎರಡಕ್ಕೂ ಹಾಕು. ವ್ಯತ್ಯಾಸ ಅಲ್ಲಾಹನಿಗೆ ಗೊತ್ತುಂಟು, ನಮ್ಮ ಮ್ಯಾನೇಜರಿಗೆ ಗೊತ್ತಿಲ್ಲ.”

ಪಕ್ಕದ ಮೇಜಿನಲ್ಲಿ ಸಿರಿಯಾದ ಗಸ್ಸಾನ್ ಯಾರಿಗೋ ಟಿಕೆಟ್ ಬುಕ್ ಮಾಡುತ್ತಿದ್ದ. ಆ ವರ್ಷ, ೨೦೧೫ರ ಆಗಸ್ಟಿನಲ್ಲಿ, ಅವನ ತಂಗಿ ಮಗುವನ್ನೆತ್ತಿಕೊಂಡು ಟರ್ಕಿಯ ದಡದಿಂದ ಗ್ರೀಸಿಗೆ ರಬ್ಬರ್ ದೋಣಿ ಹತ್ತಿದ್ದಳು. ಈಗ ಡಿಸೆಂಬರ್. ಅವಳ ಫೋನು ಬಂದಿರಲಿಲ್ಲ. ಕಚೇರಿಯಲ್ಲಿ ಯಾರೂ ಅವನೆದುರು ಆ ಮಾತೆತ್ತುತ್ತಿರಲಿಲ್ಲ.

ಹೃಷಿಕೇಶ ಪುಟ ತಿರುಗಿಸಿದ. ಆಕಾಶದಿಂದ ತೆಗೆದ ಚಿತ್ರ: ಕಡಲಂಚಿನ ಗುಡ್ಡದ ಮೇಲೆ ಮುರಿದ ಕಂಬಗಳ ಪುರಾತನ ದೇಗುಲ, ಕೆಳಗೆ ಗಾಜಿನಂಥ ನೀಲಿ ನೀರು, ಮರಳಿನ ಮೂಲೆಯಲ್ಲಿ ಕಿತ್ತಳೆ ಬಣ್ಣದ ಒಂದು ರಾಶಿ.

“ಅರೆ, ಚೆಂಡುಹೂ! ಅಲ್ಲಿಯವರೂ ದೇವರಿಗೆ ಏರಿಸಿದ್ದನ್ನ ನೀರಿಗೆ ಬಿಡ್ತಾರೆ!” ಅವನಿಗೆ ಖುಷಿಯಾಗಿಹೋಯಿತು. ಸದಾ ಮುಖ ಬಾಡಿಸಿಕೊಂಡಿರುವ ಗಸ್ಸಾನನನ್ನೂ ಕೊಂಚ ನಗಿಸೋಣವೆನ್ನಿಸಿ, ಪುಸ್ತಿಕೆಯನ್ನು ಅವನ ಕಣ್ಣೆದುರು ಹಿಡಿದ. “ಫ್ಲವರ್ಸ್, ಗಸ್ಸಾನ್! ಫಾರ್ ಗಾಡ್!”

ಗಸ್ಸಾನನ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು. ಆಮೇಲೆ ಪುಸ್ತಿಕೆಯ ಅಂಚನ್ನು ಗಟ್ಟಿಯಾಗಿ ಹಿಡಿದವು.

ನಿಝಾಮುದ್ದೀನ್ ಎದ್ದು ಬಂದು ಬಗ್ಗಿ ನೋಡಿದ. “ಹೂ ಅಲ್ಲ ಮಾರಾಯ, ಎಂತ ಮಾಡಿದೆ ನೀನು! ಲೈಫ್ ಜಾಕೆಟ್ ಅದು. ದೋಣಿಯಲ್ಲಿ ಬಂದವರು ಬಿಚ್ಚಿ ಬಿಸಾಡಿದ್ದು.”

ಹೃಷಿಕೇಶ ಪುಸ್ತಿಕೆಯನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದ, ಗಸ್ಸಾನ್ ಬಿಡಲಿಲ್ಲ.

ನಿಝಾಮುದ್ದೀನ್ ಗಸ್ಸಾನನ ಹೆಗಲು ಹಿಡಿದು ಅರಬಿಯಲ್ಲಿ ಏನೋ ಸಮಾಧಾನ ಹೇಳಿದ. ಮತ್ತೆ ಹೃಷಿಕೇಶನತ್ತ ತಿರುಗಿ, “ಒಳ್ಳೇದೇ ಅಲ್ವಾ ಅಂದೆ. ಬಿಚ್ಚಿದ್ದಾರೆ ಅಂದ್ರೆ ದಡ ಮುಟ್ಟಿದ್ದಾರೆ. ಮುಳುಗಿದವರು ಬಿಚ್ಚಿಡ್ಲಿಕ್ಕುಂಟಾ?” ಎಂದ.

ಗಸ್ಸಾನ್ ಚಿತ್ರದಿಂದ ಮುಖವೆತ್ತದೆ ಮಾತಾಡಿದ, ತಡೆತಡೆದು. ಹೃಷಿಕೇಶನಿಗೆ ಒಂದು ಶಬ್ದವೂ ತಿಳಿಯಲಿಲ್ಲ. ನಿಝಾಮುದ್ದೀನನ ಕೈ ಆ ಹೆಗಲಿನಿಂದ ಮೆಲ್ಲಗೆ ಜಾರಿದ್ದಷ್ಟೇ ಕಂಡಿತು.

“ಏನಂದ್ರು, ನಿಝಾಮ್ ಭಾಯ್?”



“ಅಂಗಡಿಯಲ್ಲಿ ಜಾಕೆಟ್ ಮುಗಿದಿತ್ತಂತೆ. ತಂಗಿ ಹಾಗೇ ದೋಣಿ ಹತ್ತಿದ್ದು. ಮಗುವಿನ ಸೊಂಟಕ್ಕೆ ಮಾತ್ರ ಗಾಳಿ ತುಂಬಿಸುವ ಆಟದ ಹಳದಿ ಬಾತುಕೋಳಿ ಟ್ಯೂಬ್ ಸಿಕ್ಕಿಸಿದ್ಳಂತೆ. ಕಣ್ಣು ತುಂಬಿ ಇವನಿಗೆ ಈಗ ಎಂತದೂ ಕಾಣುವುದಿಲ್ಲವಂತೆ. ಆ ರಾಶಿಯಲ್ಲಿ ಹಳದಿ ಎಂತಾದರೂ ಉಂಟಾ, ನೀನು ನೋಡಿ ಹೇಳ್ಬೇಕಂತೆ, ಹೃಷಿ.”